ಕೆಂಪು ದೀಪದ ಅಣಬೆ

ಜೂನ್ 3, ಮಂಗಳವಾರ

ಇವತ್ತು ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ಅಣಬೆ ತರಗತಿಗೆ ಹೋಗಿಬಂದೆ. ಹನ್ನೊಂದು ಜನ ಇದ್ದೆವು. ಹೇಳಿಕೊಡುವವರನ್ನು ಎಲ್ಲರೂ ಅಣಬೆ ಮೇಷ್ಟ್ರು ಎನ್ನುತ್ತಾರೆ. ಮೈ ಸಣಕಲು, ತಲೆ ದೊಡ್ಡದು. ತಾವು ಮಾರುವ ಸರಕಿಗೆ ತಾವೇ ಜಾಹೀರಾತು. "ಮೊದಲ ಹದಿನೈದು ಇಪ್ಪತ್ತು ದಿನ ಚೀಲ ಕತ್ತಲೆಯಲ್ಲಿರಲಿ" ಎಂದು ಅವರು ಹೇಳಿದ ಕೂಡಲೇ ಉಳಿದ ಹತ್ತು ಜನರೂ ಬರೆದುಕೊಂಡರು. ನಾನು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಆಸ್ಪತ್ರೆಯ ಡಾರ್ಕ್‌ರೂಮಿನಲ್ಲಿ ಮೂವತ್ತೊಂದು ವರ್ಷ ಎಕ್ಸ್‌ರೇ ಫಿಲ್ಮು ತೊಳೆದವಳಿಗೆ ಕತ್ತಲೆಯ ಪಾಠ ಬೇರೆ ಬೇಕೆ?

ಇದನ್ನು ನನ್ನ ಹೊರತು ಇನ್ಯಾರೂ ಓದುವುದಿಲ್ಲ, ಹಾಗಾಗಿ ನಿಜ ಬರೆಯುತ್ತೇನೆ. ನನಗೆ ಅಣಬೆಯ ಮೇಲೆ ಅಂಥ ಆಸೆಯೇನಿಲ್ಲ. ನನಗೆ ಬೇಕಾಗಿರುವುದು ನನ್ನ ಮನೆಯ ಹಿಂಭಾಗದ ಕೋಣೆ. ಅಣ್ಣ ತೀರಿಕೊಂಡ ಮೇಲೆ, ಅವನ ಕೆಲಸದ ಜೊತೆ ಬಂದಿದ್ದ ಮನೆಯನ್ನು ಬಿಡಬೇಕಾಗಿ ಬಂತು. ಅತ್ತಿಗೆ "ಒಂದು ತಿಂಗಳ ಮಟ್ಟಿಗೆ" ಎಂದು ಹೊಲಿಗೆ ಮಷಿನ್ ಸಮೇತ ಬಂದಿಳಿದರು. ಆಗ ಮಾರ್ಚ್, ಈಗ ಜೂನ್. ಮಷಿನ್ ಹಿಂದಿನ ಕೋಣೆಯ ಕಿಟಕಿ ಬಿಟ್ಟು ಕದಲಿಲ್ಲ. ಕತ್ತರಿಸಿದ ನೂಲಿನ ತುಂಡು ನನ್ನ ಚಹಾದ ಲೋಟದವರೆಗೂ ಬರುತ್ತದೆ. ಮಾತಂತೂ ಬೆಳಗ್ಗೆ ಹಲ್ಲುಜ್ಜುವಾಗ ಶುರುವಾದರೆ ದೀಪ ಆರಿಸುವವರೆಗೆ ನಿಲ್ಲುವುದಿಲ್ಲ. ಐವತ್ತೆಂಟು ದಾಟಿದ ನನ್ನನ್ನು ಪುಟ್ಟಿ ಎಂದು ಕರೆಯುತ್ತಾರೆ.

ಹೋಗಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಅಣ್ಣನ ಹೆಂಡತಿ. ಆದರೆ ಅಣಬೆಗೆ ಕತ್ತಲೆ ಬೇಕು, ಕತ್ತಲೆಯಲ್ಲಿ ಹೊಲಿಗೆ ಸಾಗದು. ಸಾಗದಿದ್ದರೆ ಅವರೇ ಬೇರೆ ಜಾಗ ನೋಡಿಕೊಳ್ಳುತ್ತಾರೆ. ನಾನು ಒಂದು ಮಾತೂ ಆಡಬೇಕಾಗಿಲ್ಲ.

ಜೂನ್ 5, ಗುರುವಾರ

ಎರಡು ಚೀಲ ಕಟ್ಟಿದೆವು. ಕಟ್ಟಿದೆನು ಎಂದು ಬರೆಯಬೇಕೆಂದಿದ್ದೆ, ಆದರೆ ಒಳಗೆ ತುಂಬುವ ಭತ್ತದ ಹುಲ್ಲು ಕತ್ತರಿಸಿದ್ದು ಅತ್ತಿಗೆ. ಬಟ್ಟೆಯ ಕತ್ತರಿಯನ್ನು ನಾನು ಮುಟ್ಟಲು ಹೋದಾಗ ಕೈಯಿಂದ ಕಿತ್ತುಕೊಂಡು, ಹಳೆಯ ಕತ್ತರಿ ಹುಡುಕಿ ತಂದು, ಎರಡೆರಡು ಬೆರಳಿನ ಅಳತೆಗೆ ಸರಿಯಾಗಿ ಕತ್ತರಿಸಿಟ್ಟರು. ಅಣಬೆ ಮೇಷ್ಟ್ರೂ ಅಷ್ಟು ಒಪ್ಪವಾಗಿ ಕತ್ತರಿಸಿರಲಾರರು. ಬಿಸಿನೀರಿನಲ್ಲಿ ಅದ್ದಿ, ಬಸಿದು, ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ ಎಂದು ತುಂಬಿ, ಚೀಲಕ್ಕೆ ತೂತು ಚುಚ್ಚಿ ಹಿಂದಿನ ಕೋಣೆಯಲ್ಲಿ ತೂಗುಹಾಕಿದೆವು.

"ಪುಟ್ಟಿ, ಕಿಟಕಿ ಪೂರ್ತಿ ಮುಚ್ಚಬೇಕಾ?"

"ಪೂರ್ತಿ ಮುಚ್ಚಬೇಕು ಅತ್ತಿಗೆ. ಒಂದು ಗೆರೆ ಬೆಳಕು ಬಿದ್ರೂ ಕೆಟ್ಟೋಗುತ್ತೆ."

ಮೇಷ್ಟ್ರು ಹಾಗೆ ಹೇಳಿರಲಿಲ್ಲ. ಅದು ಫಿಲ್ಮಿನ ಮಾತು.

"ಹಾಗಾದ್ರೆ ನನ್ನ ಮಷಿನ್ ಎಲ್ಲಿಡ್ಲಿ?"

"ಮುಂಬಾಗಿಲ ಹತ್ರ ಇಡೋಣ. ಗಾಳಿ ಚೆನ್ನಾಗಿ ಬರುತ್ತೆ."

"ಹೊಲಿಯೋಕೆ ಗಾಳಿ ಬೇಕು ಅಂತ ಯಾರು ಹೇಳಿದ್ರು ನಿಂಗೆ?" ಎಂದು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಕ್ಕು, ಮಷಿನಿನ ಒಂದು ಬದಿ ತಾವೇ ಎತ್ತಿಕೊಂಡರು.

ಜೂನ್ 6, ಶುಕ್ರವಾರ

ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲ ಸಂದಿಗೆ ಕಂಬಳಿ, ಮೇಲಿನ ಕಿಂಡಿಗೆ ಗಾಳಿ ಹೊರದೂಡುವ ಫ್ಯಾನು. ಕೈ ಚಾಚಿದರೆ ಬೆರಳು ಕಾಣದು. ಕೆಲಸ ಬಿಟ್ಟು ಮೂರು ತಿಂಗಳಾದ ಮೇಲೆ ಮೊದಲ ಸಲ ಮನಸ್ಸಿಗೆ ಹಾಯೆನಿಸಿತು.

ಜೂನ್ 12, ಗುರುವಾರ

ಹುಲ್ಲಿನ ಮೇಲೆ ಬಿಳಿ ಎಳೆ ಹಬ್ಬುತ್ತಿದೆ. ನೋಡಲು ನನ್ನ ಕೆಂಪು ದೀಪವನ್ನೇ ಬಳಸುತ್ತೇನೆ. ಆಸ್ಪತ್ರೆಗೆ ಕಂಪ್ಯೂಟರಿನ ಎಕ್ಸ್‌ರೇ ಬಂದು ಡಾರ್ಕ್‌ರೂಮು ಮುಚ್ಚಿದಾಗ, ಬೀಳ್ಕೊಡುಗೆ ಎಂದು ಅಲ್ಲಿಯ ದೀಪವನ್ನೇ ಬಿಚ್ಚಿ ನನಗೆ ಕೊಟ್ಟಿದ್ದರು. ಆ ಬೆಳಕು ಫಿಲ್ಮಿನ ಕಣ್ಣಿಗೆ ಬೀಳುವುದಿಲ್ಲ, ನಮ್ಮ ಕಣ್ಣಿಗೆ ಬೀಳುತ್ತದೆ.

ಮಧ್ಯಾಹ್ನ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಅತ್ತಿಗೆ ಬಾಗಿಲು ತಟ್ಟಿದರು.

"ಒಬ್ಳೇ ಏನ್ ಮಾಡ್ತಿದೀಯ ಒಳಗೆ?"

"ನೋಡ್ಕೊಳ್ತಿದೀನಿ."

"ನೋಡೋಕೆ ಅದೇನು ಓಡ್ಹೋಗುತ್ತಾ?" ಎನ್ನುತ್ತಾ ಒಳಗೆ ಬಂದು, ಕತ್ತಲೆಯಲ್ಲಿ ನನ್ನ ಕಾಲು ತುಳಿದು, ಪಕ್ಕದಲ್ಲಿ ಕೂತರು. ಇನ್ನು ತಲೆ ತಿನ್ನುತ್ತಾರೆ ಎಂದುಕೊಂಡೆ. ತಿಂದರು ಕೂಡ. ಆದರೆ ಮಧ್ಯೆ ಒಂದು ಮಾತು ಹೇಳಿದರು. "ನಿಮ್ಮಣ್ಣ ಬಂದೋರಿಗೆಲ್ಲ ಹೇಳ್ತಿದ್ರು, ನನ್ನ ತಂಗಿ ಕತ್ತಲೆಯಲ್ಲೇ ಊರವರ ಮೂಳೆ ಎಣಿಸ್ತಾಳೆ ಅಂತ. ಕೇಳಿ ಕೇಳಿ ನಂಗೆ ಸಾಕಾಗಿತ್ತು."

ಅಣ್ಣ ನನ್ನ ಎದುರಿಗೆ ಒಂದು ದಿನವೂ ಹಾಗೆ ಹೊಗಳಿದವನಲ್ಲ. ನನ್ನ ಕೆಲಸ ಏನೆಂದು ಅವನಿಗೆ ಸರಿಯಾಗಿ ಗೊತ್ತಿತ್ತೋ ಇಲ್ಲವೋ ಎಂದೇ ನಾನು ತಿಳಿದಿದ್ದೆ. ಕತ್ತಲೆಯಿದ್ದದ್ದು ಒಳ್ಳೆಯದೇ ಆಯಿತು.

ಜೂನ್ 17, ಮಂಗಳವಾರ

ಅತ್ತಿಗೆಯ ಕೈಯಲ್ಲಿ ಒಂದು ಎಡವಟ್ಟು ಆಗಿದೆ. ವಕೀಲರೊಬ್ಬರ ಕಪ್ಪು ಕೋಟನ್ನು ಹೊಲಿದುಕೊಟ್ಟಿದ್ದರು. ಆ ವಕೀಲೆ ಇವತ್ತು ಅದನ್ನು ವಾಪಸು ತಂದು, ಮುಂಬಾಗಿಲ ಆಚೆ ಬಿಸಿಲಿಗೆ ಹಿಡಿದು ತೋರಿಸಿದರು. ಇಡೀ ಕೋಟಿಗೆ ಕಡುನೀಲಿ ನೂಲು.

"ಕಪ್ಪು ಅಂತಲೇ ಹಾಕಿದ್ದೆ ಕಣಮ್ಮಾ" ಎಂದರು ಅತ್ತಿಗೆ. ದನಿ ತೀರಾ ಸಣ್ಣಗಾಗಿತ್ತು. ನಲವತ್ತು ವರ್ಷದಿಂದ ಹೊಲಿಯುತ್ತಿದ್ದಾರೆ, ಬಣ್ಣ ತಪ್ಪಿದ್ದು ಇದೇ ಮೊದಲು. ಮಧ್ಯಾಹ್ನವೆಲ್ಲ ಕೂತು ಒಂದೊಂದೇ ಹೊಲಿಗೆ ಬಿಚ್ಚಿದರು. ಇಡೀ ದಿನ ಅವರ ಬಾಯಿಂದ ನಾಲ್ಕು ಮಾತು ಬಂದಿದ್ದರೆ ಹೆಚ್ಚು.

ಇದಕ್ಕೂ ನನಗೂ ಸಂಬಂಧವಿಲ್ಲ. ಮುಂಬಾಗಿಲ ಹತ್ತಿರದ ಬಲ್ಬು ಬದಲಾಯಿಸಿ ದೊಡ್ಡದನ್ನು ಹಾಕಿದೆ, ಅದು ಹೇಗೂ ಹಳತಾಗಿತ್ತು.

ಜೂನ್ 25, ಬುಧವಾರ

ಚೀಲ ಎರಡೂ ತಳದಿಂದ ಮೇಲಿನವರೆಗೆ ಬೆಳ್ಳಗಾಗಿವೆ. ಮೇಷ್ಟ್ರಿಗೆ ಫೋನ್ ಮಾಡಿದೆ.

"ಭೇಷ್. ಇನ್ನು ಕತ್ತಲೆ ಸಾಕು. ಈಗ ಬೆಳಕು ಕೊಡಿ."

"ಬೆಳಕಾ? ಕತ್ತಲೆ ಅಂದ್ರಲ್ಲ."

"ಎಳೆ ಹಬ್ಬೋ ತನಕ ಕತ್ತಲೆ. ಅಣಬೆ ಏಳೋಕೆ ಬೆಳಕು. ನೆತ್ತಿ ಮೇಲೆ ಬಿಸಿಲು ಬೇಡ, ಕೂತು ಪೇಪರ್ ಓದೋ ಅಷ್ಟು ಬೆಳಕಿದ್ರೆ ಸಾಕು. ಯಾಕಮ್ಮಾ, ತರಗತಿಯಲ್ಲಿ ಬರ್ಕೊಂಡಿರ್ಲಿಲ್ವಾ?"

ಸರಿ ಎಂದು ಫೋನ್ ಇಟ್ಟೆ. ಕಿಟಕಿ ತೆಗೆದರೆ ನಾಳೆ ಬೆಳಗ್ಗೆಗೆ ಮಷಿನ್ ಅಲ್ಲಿಗೇ ಬಂದು ಕೂರುತ್ತದೆ, ಮೂರು ವಾರದ ಶ್ರಮ ನೀರಿನಲ್ಲಿ ಹೋಮ. ಯೋಚನೆ ಮಾಡಿದೆ. ಪೇಪರ್ ಓದುವಷ್ಟು ಬೆಳಕು ತಾನೆ? ಫಿಲ್ಮು ನೆನೆಯುವ ಹೊತ್ತಿನಲ್ಲಿ ಕೆಂಪು ದೀಪದ ಕೆಳಗೆ ಮೂವತ್ತೊಂದು ವರ್ಷ ನಾನು ಪೇಪರ್ ಓದಿದ್ದೇನೆ, ಮದುವೆ ಜಾಹೀರಾತನ್ನೂ ಬಿಟ್ಟಿಲ್ಲ. ಕಿಟಕಿ ಹಾಗೇ ಇರಲಿ ಎಂದು ಕೆಂಪು ದೀಪವನ್ನು ದಿನವಿಡೀ ಉರಿಯಲು ಬಿಟ್ಟೆ. ಮೇಷ್ಟ್ರ ಮಾತೂ ನಡೆಯಿತು, ನನ್ನದೂ ನಡೆಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಜೂನ್ 30, ಸೋಮವಾರ

ಎದ್ದಿವೆ. ತೂತು ತೂತಿನಿಂದಲೂ ಗೊಂಚಲು ಗೊಂಚಲಾಗಿ ಎದ್ದಿವೆ. ಕಾಂಡ ಗೇಣುದ್ದ, ತುದಿಯಲ್ಲಿ ಟೋಪಿ ಗುಂಡುಪಿನ್ನಿನ ತಲೆಯಷ್ಟು. ದಿನ ಹೋದಂತೆ ಅಗಲವಾಗಬಹುದು.

ಅತ್ತಿಗೆಯನ್ನು ಕರೆದು ತೋರಿಸಿದೆ. ಕೆಂಪು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ತುಂಬಾ ಹೊತ್ತು ನೋಡಿದರು.

"ಚೆನ್ನಾಗಿದೆ ಪುಟ್ಟಿ. ಇದನ್ನ ಅಡುಗೆ ಮಾಡೋದಾ, ಇಲ್ಲಾ ಗೀರಿ ಒಲೆ ಹಚ್ಚೋದಾ?"

ನಾನು ಮುಖ ಊದಿಸಿಕೊಂಡು ಹೊರಗೆ ಬಂದೆ. ಅಡುಗೆಮನೆಗೆ ಹೋದ ಮೇಲೆ ನಗು ಬಂತು, ಅವರಿಗೆ ಕೇಳದ ಹಾಗೆ ನಕ್ಕೆ.

ಜುಲೈ 2, ಬುಧವಾರ

ಅಂದುಕೊಂಡದ್ದು ನಡೆಯಿತು. ಅತ್ತಿಗೆ ಹೋಗುತ್ತಿದ್ದಾರೆ.

ಬೆಳಗ್ಗೆ ಚಹಾ ಕುಡಿಯುತ್ತಾ ಹೇಳಿದರು. ದೊಡ್ಡ ರಸ್ತೆಯ ಬಟ್ಟೆ ಅಂಗಡಿಯವರು ಹೊಲಿಗೆಗೆ ಆಳು ಹುಡುಕುತ್ತಿದ್ದಾರಂತೆ. ಅಂಗಡಿಯ ಮೇಲೆ ಒಂದು ಕೋಣೆ, ರಸ್ತೆಯ ಕಡೆಗೆ ಎರಡು ಕಿಟಕಿ, ಇರಲಿಕ್ಕೂ ಅಲ್ಲೇ. ಇಪ್ಪತ್ತನೇ ತಾರೀಕು ಭಾನುವಾರ ಬರುತ್ತೇನೆಂದು ಮಾತು ಕೊಟ್ಟಾಯಿತಂತೆ.

"ಸಂತೋಷ ಅತ್ತಿಗೆ" ಎಂದೆ.

"ನಿಂಗೂ ಅನುಕೂಲ" ಎಂದರು. ಕೊಂಕಿರಲಿಲ್ಲ, ಸುಮ್ಮನೆ ಹೇಳಿದರು.

ಸಂತೋಷವೇ ಆಗಬೇಕಿತ್ತು. ನಾನು ಹೋಗಿ ಎನ್ನಲಿಲ್ಲ, ಜಗಳವಿಲ್ಲ, ಅವರಿಗೆ ಒಳ್ಳೆಯ ಜಾಗ, ನನಗೆ ನನ್ನ ಕೋಣೆ. ಯಾರ ಮನಸ್ಸಿಗೂ ನೋವಾಗದಂತೆ ಇಷ್ಟು ಸಲೀಸಾಗಿ ನಡೆದ ಕೆಲಸ ನನ್ನ ಜೀವನದಲ್ಲಿ ಬೇರೊಂದಿಲ್ಲ. ಎರಡು ಕಿಟಕಿಯಿರುವ ಕೋಣೆ ಎಂದರೆ ಸಾಮಾನ್ಯವೇ? ಆದರೆ ದೊಡ್ಡ ರಸ್ತೆಯಲ್ಲಿ ಇಡೀ ದಿನ ಲಾರಿಯ ಸದ್ದು. ಅವರಿಗೆ ಮೊದಲೇ ನಿದ್ದೆ ಕಡಿಮೆ. ಅಂಗಡಿ ಮುಚ್ಚಿದ ಮೇಲೆ ಆ ಕಟ್ಟಡದಲ್ಲಿ ಒಬ್ಬರೇ. ಅಷ್ಟೊಂದು ಮಾತನ್ನು ಅಲ್ಲಿ ಯಾರ ಹತ್ತಿರ ಆಡುತ್ತಾರೋ ನಾ ಕಾಣೆ. ಅದು ಅವರಿಗೆ ಬಿಟ್ಟದ್ದು, ನಾನೇಕೆ ತಲೆಗೆ ಹಚ್ಚಿಕೊಳ್ಳಲಿ.

ಮಧ್ಯಾಹ್ನ ಊಟ ಸೇರಲಿಲ್ಲ. ಹವೆ ಸರಿಯಿಲ್ಲ.

ಜುಲೈ 4, ಶುಕ್ರವಾರ

ಬೆಂಕಿಕಡ್ಡಿ ಅಣಬೆಯ ಒಂದು ಗೊಂಚಲನ್ನು ಡಬ್ಬಿಯಲ್ಲಿಟ್ಟುಕೊಂಡು ಮೇಷ್ಟ್ರ ಹತ್ತಿರ ಹೋದೆ. ಅವರು ಡಬ್ಬಿ ತೆರೆದು ನೋಡಿ ಮತ್ತೆ ಮುಚ್ಚಿದರು.

"ಗಾಳಿ ಇದೆಯಾ?"

"ಇದೆ. ಫ್ಯಾನ್ ಹಾಕಿದೀನಿ."

"ಬೆಳಕು?"

"ಇದೆ. ಪೇಪರ್ ಓದ್ಬಹುದು."

"ಎಂಥ ಬೆಳಕು?"

ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸಮಾಧಾನವಾಗಿ, ಸಾಕಷ್ಟು ಹೊತ್ತು ನಕ್ಕರು. "ಅಮ್ಮಾ, ಇಷ್ಟು ವರ್ಷದಲ್ಲಿ ಕಿಟಕಿ ತೆಗೆಯೋಕೆ ಮರೆತವರನ್ನ ನೋಡಿದೀನಿ, ಬಿಸಿಲಲ್ಲಿ ಒಣಗಿಸಿದವರನ್ನ ನೋಡಿದೀನಿ. ಕೆಂಪು ದೀಪ ಹಚ್ಚಿಟ್ಟವರು ನೀವೊಬ್ರೇ. ಅಣಬೆಗೆ ಬೇಕಾಗಿರೋದು ಬೆಳಕಿನಲ್ಲಿರೋ ನೀಲಿ. ಕೆಂಪು ಅದಕ್ಕೆ ಗೊತ್ತೇ ಆಗಲ್ಲ. ಪಾಪ, ಅದು ಇನ್ನೂ ಕತ್ತಲೆಯಲ್ಲೇ ಇದೀನಿ ಅಂದ್ಕೊಂಡು, ಬೆಳಕೆಲ್ಲಿ ಬೆಳಕೆಲ್ಲಿ ಅಂತ ಕತ್ತು ಚಾಚಿ ಚಾಚಿ ಇಷ್ಟುದ್ದ ಆಗಿದೆ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಅಜ್ಞಾನ. ಕೆಂಪು ದೀಪವಿದ್ದರೂ ಫಿಲ್ಮಿನ ಪಾಲಿಗೆ ಅದು ಕತ್ತಲೆಯೇ ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವಳು ನಾನು. ನನಗೆ ಕಾಣಿಸುತ್ತಿತ್ತು, ಅದಕ್ಕೇ ಎದುರಿಗಿದ್ದದ್ದಕ್ಕೂ ಕಾಣಿಸುತ್ತಿದೆ ಎಂದುಕೊಂಡೆ.

ಮನೆಗೆ ಬಂದಾಗ ಮುಂಬಾಗಿಲ ಹತ್ತಿರ ಅತ್ತಿಗೆ ಸೂಜಿಗೆ ನೂಲು ಪೋಣಿಸುತ್ತಿದ್ದರು. ನೂಲನ್ನು ಬಾಯಲ್ಲಿ ಒದ್ದೆ ಮಾಡುವುದು, ಸೂಜಿಯನ್ನು ಬಲ್ಬಿನ ಕಡೆ ಎತ್ತುವುದು, ತಪ್ಪುವುದು, ಮತ್ತೆ ಒದ್ದೆ ಮಾಡುವುದು. ನಾನು ಬಂದದ್ದೂ ಅವರಿಗೆ ತಿಳಿಯಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಏಳನೆಯ ಸಲ ನೂಲು ಹೋಯಿತು.

ಒಂದು ತಿಂಗಳಿಂದ ಅವರು ದಿನವೂ ಹೀಗೆಯೇ ಮಾಡುತ್ತಿದ್ದಾರೆ. ಮಾಡಿದವಳು ನಾನು.

ಜುಲೈ 5, ಶನಿವಾರ

ಕಪ್ಪು ಬಟ್ಟೆ ಕಿತ್ತೆ, ಕಂಬಳಿ ತೆಗೆದೆ, ಕಿಟಕಿ ತೆರೆದೆ. ಸೊರಗಿದ ಅಣಬೆಯನ್ನೆಲ್ಲ ಕಿತ್ತು ಚೀಲಕ್ಕೆ ನೀರು ಚಿಮುಕಿಸಿ, ನೇರ ಬಿಸಿಲು ಬೀಳದ ಮೂಲೆಗೆ ಸರಿಸಿದೆ. ಮಷಿನನ್ನು ಕಿಟಕಿಯ ಹತ್ತಿರಕ್ಕೆ ನಾನೊಬ್ಬಳೇ ಎಳೆದು ತಂದೆ. ಸೊಂಟ ಹಿಡಿದುಕೊಂಡಿದೆ.

ಅತ್ತಿಗೆ ಬಂದು ನೋಡಿದರು. "ಇನ್ನು ಹದಿನೈದು ದಿನಕ್ಕೆ ಯಾಕೆ ಇಷ್ಟು ಕಷ್ಟ ಪಟ್ಟೆ?"

"ಮೇಷ್ಟ್ರು ಹೇಳಿದ್ರು, ಅಣಬೆಗೆ ಬೆಳಕು ಬೇಕಂತೆ."

"ಓಹೋ" ಎಂದರು.

ನಾನು ಬೇರೇನೋ ಹೇಳಬೇಕಿತ್ತು.

ಜುಲೈ 9, ಬುಧವಾರ

ಅತ್ತಿಗೆ ಬೆಳಗ್ಗೆಯೇ ಅಂಗಡಿಯ ಮೇಲಿನ ಕೋಣೆಯನ್ನು ಗುಡಿಸಿ ಬರಲು ಹೋದರು, ಬಂದದ್ದು ಸಂಜೆ. ನಾನು ಎರಡು ಸಲ ಚಹಾ ಮಾಡಿದೆ. ಎರಡೂ ಸಲ ಎರಡೆರಡು ಲೋಟ ಆಯಿತು. ನಾಲ್ಕೂ ನಾನೇ ಕುಡಿದೆ. ಹೊಟ್ಟೆ ಉಬ್ಬರ.

ಜುಲೈ 12, ಶನಿವಾರ

ಮತ್ತೆ ಮೊಳೆತಿವೆ. ಈ ಸಲ ಕಾಂಡ ಗಿಡ್ಡ, ಟೋಪಿ ಅಗಲ. ನಿಜವಾದ ಚಿಪ್ಪಣಬೆ.

ಅತ್ತಿಗೆ ಗಂಟೆಗೊಮ್ಮೆ ಮಷಿನ್ ನಿಲ್ಲಿಸಿ ಎದ್ದು ಬಂದು ನೋಡುತ್ತಾರೆ. "ಪುಟ್ಟಿ, ಈ ಎಡಗಡೆಯವನು ಬೆಳಗ್ಗೆಯಿಂದ ಒಂದು ಬೆರಳು ಬೆಳೆದಿದಾನೆ ನೋಡು" ಎಂದು ಅಳತೆ ಪಟ್ಟಿ ಹಿಡಿದು ತೋರಿಸಿದರು. ಎಡಗಡೆಯವನಿಗೆ ಎದೆಯಳತೆ, ಸೊಂಟದಳತೆ ಎಲ್ಲ ಆಯಿತು. ನೂಲಿನ ತುಂಡು ಚಹಾದಲ್ಲಿ ಬಿದ್ದಿತ್ತು, ತೆಗೆದು ಕುಡಿದೆ.

ಇನ್ನು ಎಂಟು ದಿನ. ಕಿಟಕಿ ತೆರೆದಿದೆ, ಮಷಿನ್ ಜಾಗಕ್ಕೆ ಬಂದಿದೆ, ಹೋಗುವುದು ಬೇಡವೆಂದು ಅವರಿಗೇ ಅನಿಸಬೇಡವೇ? ಇಷ್ಟು ಮಾತಾಡುವ ಹೆಂಗಸು ಈ ಒಂದು ಮಾತು ಆಡುವುದಿಲ್ಲ.

ಜುಲೈ 15, ಮಂಗಳವಾರ

ಕೊಯ್ದೆವು. ಎರಡು ಚೀಲದಿಂದ ಒಂದು ಬುಟ್ಟಿ ತುಂಬ. ಹುರಿದು ಅನ್ನದ ಜೊತೆ ಬಡಿಸಿದೆ. ಅಣಬೆಯ ಮೇಲೆ ಅಂಥ ಆಸೆಯೇನಿಲ್ಲ ಎಂದು ಬರೆದಿದ್ದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎರಡನೆಯ ಸಲ ಹಾಕಿಕೊಳ್ಳುವಾಗ ನಾನೇ ಬಾಯಿಬಿಟ್ಟೆ.

"ಮುಂದಿನ ಸಲ ಚೀಲ ಕಟ್ಟೋವಾಗ ಹುಲ್ಲು ಕತ್ತರಿಸೋಕೆ ಯಾರೂ ಇರಲ್ಲ."

"ಹುಲ್ಲು ಕತ್ತರಿಸೋಕೆ ನಾನು ಬೇಕಾ?"

"ಹಾಗಲ್ಲ ಅತ್ತಿಗೆ."

"ಮತ್ತೆ ಹೇಗೆ?" ಎಂದು ತಟ್ಟೆಯಿಂದ ಕೈ ತೆಗೆದರು. "ನೋಡು ಪುಟ್ಟಿ, ಅಣಬೆ ತಂದ ದಿನವೇ ನಂಗೆ ಗೊತ್ತಾಯ್ತು ಯಾಕೆ ತಂದೆ ಅಂತ."

"ಗೊತ್ತಿದ್ದೂ ಹುಲ್ಲು ಕತ್ತರಿಸಿಕೊಟ್ರಾ?"

"ಮನೆ ನಿಂದು. ಹೋಗು ಅಂತ ಬಾಯಿಬಿಟ್ಟು ಅಂದಿದ್ರೆ ಅವತ್ತೇ ಹೋಗ್ತಿದ್ದೆ. ನೀನು ಅನ್ನಲಿಲ್ಲ. ಅನ್ನೋಕೆ ಮನಸ್ಸಿಲ್ಲವೇನೋ ಅಂತ ಹನ್ನೆರಡು ದಿನ ಕಾದೆ. ಆ ಕೋಟು ಹಾಳಾದ ದಿನ ಸಾಕು ಅನ್ನಿಸ್ತು."

"ಈಗ ಕಿಟಕಿ ತೆಗೆದಿದೀನಲ್ಲ."

"ಅಣಬೆಗೋಸ್ಕರ ಮುಚ್ಚಿದೆ, ಅಣಬೆಗೋಸ್ಕರ ತೆಗೆದೆ. ಇದರಲ್ಲಿ ನಾನೆಲ್ಲಿದೀನಿ?"

ಅಣಬೆಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದೆ. ಕೊನೆಗೆ ಹೇಳಿದೆ. "ಹೋಗಬೇಡಿ ಅತ್ತಿಗೆ. ನೀವು ಹೋದ್ರೆ ನಂಗೆ ಈ ಮನೇಲಿ ಇರೋಕಾಗಲ್ಲ." ಹೇಳುವಾಗ ದನಿ ಒಡೆಯಿತು. ಅಣ್ಣ ಹೋದಾಗಲೂ ನಾನು ಇವರ ಎದುರು ಅತ್ತಿರಲಿಲ್ಲ.

ಅವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ, "ಅಂಗಡಿಯವರಿಗೆ ಮಾತು ಕೊಟ್ಟಿದೀನಿ, ನಾನಾಗಿ ತಪ್ಪಲ್ಲ. ಬೇಡ ಅಂದವಳು ನೀನು, ನೀನೇ ಹೋಗಿ ಹೇಳು" ಎಂದರು.

ಜುಲೈ 16, ಬುಧವಾರ

ಹೋದೆ. ಬಟ್ಟೆ ಅಂಗಡಿಯಲ್ಲಿ ಹತ್ತು ಹನ್ನೆರಡು ಜನ ಗಿರಾಕಿಗಳು. ಅಂಗಡಿಯವರು ಬಟ್ಟೆ ಅಳೆಯುತ್ತಲೇ ಮಾತಾಡಿದರು. ಭಾನುವಾರ ಹೊಲಿಗೆಯವರು ಬರುವುದಿಲ್ಲ ಎಂದೆ.

"ಯಾಕೆ? ಅವರಿರೋ ಮನೇಲಿ ಸೂಜಿ ಕಾಣದಷ್ಟು ಕತ್ತಲೆ ಅಂದಿದ್ರಲ್ಲ?"

"ಇತ್ತು. ನಾನೇ ಮಾಡಿದ್ದೆ. ಈಗ ಇಲ್ಲ."

ಅಂಗಡಿಯವರು ಅಳೆಯುವುದನ್ನು ನಿಲ್ಲಿಸಿದರು. "ನೀವು ಅವರಿಗೆ ಏನಾಗ್ಬೇಕು?"

"ಅವರ ಗಂಡನ ತಂಗಿ."

"ಗಂಡ ತೀರಿಕೊಂಡ್ರು ಅಂದಿದ್ರು."

"ತೀರಿಕೊಂಡ. ಅವರು ನಮ್ಮನೆಯವರು. ನಾನು ಕಳಿಸಲ್ಲ." ದನಿ ನನಗೇ ತಿಳಿಯದೆ ಏರಿತ್ತು. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮೂವತ್ತೊಂದು ವರ್ಷ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದವಳು, ಅಷ್ಟು ಜನರ ಮುಂದೆ ಎಂದೂ ಮಾತಾಡಿದವಳಲ್ಲ. ಅಂಗಡಿಯವರು, ಆಗಲಿ, ಹೊಲಿಗೆಯನ್ನಾದರೂ ಮನೆಗೆ ಕಳಿಸುತ್ತೇನೆ ಎಂದರು. ನಡೆದುಕೊಂಡೇ ಮನೆಗೆ ಬಂದೆ.

ಅತ್ತಿಗೆ ಕಿಟಕಿಯ ಹತ್ತಿರ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಏನಂದೆ?"

"ಬರಲ್ಲ ಅಂದೆ."

"ಅಷ್ಟೇನಾ?"

"ಅಷ್ಟೇ."

ಹಲ್ಲಿನಿಂದ ನೂಲು ಕಡಿದು ಬಟ್ಟೆಯನ್ನು ಪಕ್ಕಕ್ಕಿಟ್ಟರು. "ನೀನು ಮನೆ ಮುಟ್ಟೋ ಮುಂಚೆನೇ ಅವರು ಫೋನ್ ಮಾಡಿದ್ರು ಕಣೇ. ಎಲ್ಲಾ ಹೇಳಿದ್ರು." ಮಷಿನಿನ ಮುಂದಿನಿಂದ ಎದ್ದು ನನ್ನ ಎದುರಿಗೆ ಬಂದು ನಿಂತರು. ಕಣ್ಣು ಒದ್ದೆಯಾಗಿತ್ತು. "ಊರವರೆಲ್ಲ ಕೇಳಿಸ್ಕೊಂಡ್ರಂತೆ. ನಾನೊಬ್ಳೇ ಕೇಳಿಲ್ಲ. ಇನ್ನೊಂದ್ಸಲ ಹೇಳು."

ಹೇಳಿದೆ.